ಮೊಲಗಳ ಪಂಕ್ತಿಗೆ ತುಪ್ಪ ಬಡಿಸಿದ್ದು

ನಮ್ಮ ಮಾವನವರು ತುಪ್ಪದ ವ್ಯಾಪಾರಿ. ಅರಕಲಗೂಡಿನ ಪೇಟೆಯಲ್ಲಿ ಅವರದೊಂದು ಅಂಗಡಿ. ಸುತ್ತಲಿನ ಹಳ್ಳಿಗಳಿಂದ ಬೆಣ್ಣೆ ತರಿಸಿ, ಕಾಯಿಸಿ, ಡಬ್ಬಗಳಿಗೆ ತುಂಬಿ ಹಾಸನಕ್ಕೂ ಮೈಸೂರಿಗೂ ಕಳಿಸುತ್ತಿದ್ದರು. ಅವರ ಸೊಸೆಯಾದ ನಾನು ಹಾಸನದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್. ಕೊಬ್ಬು ತಿಂದ ಪ್ರಾಣಿಯ ರಕ್ತ ಏನಾಗುತ್ತದೆ ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈ ಎರಡು ಕಸುಬುಗಳನ್ನು ಒಂದೇ ಸೂರಿನಡಿ ತಂದವನು ಶಿವನೋ, ಮದುವೆ ಕುದುರಿಸಿದ ನಮ್ಮ ಸೋದರಮಾವನೋ ಗೊತ್ತಿಲ್ಲ. ಯಾರೇ ಆಗಲಿ, ತಮಾಷೆ ನೋಡುವ ಚಾಳಿ ಇದ್ದವನೇ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಹೊಳೆನರಸೀಪುರದವರು. ಒಣಕಲು ಮೈ, ಏರು ದನಿ, ಹೇಗಾದರೂ ಡಾಕ್ಟರೇಟ್ ಪಡೆದೇ ತೀರಬೇಕೆಂಬ ಹಟ. ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ, ಅವುಗಳ ರಕ್ತದಲ್ಲಿ ಕೊಬ್ಬು ಹೇಗೆ ಓಡಾಡುತ್ತದೆ ಎಂದು ಪ್ರಬಂಧ ಬರೆಯುತ್ತಿದ್ದರು. ಕೊಲೆಸ್ಟರಾಲ್ ಪುಡಿ ಹೊರದೇಶದಿಂದ ತರಿಸಿದ್ದು. ಅದರ ಸೀಸೆಯನ್ನು ಅವರು ತಮ್ಮ ಕನ್ನಡಕಕ್ಕಿಂತ ಜೋಪಾನವಾಗಿ ಇಟ್ಟುಕೊಂಡಿದ್ದರು. ಪ್ರಯೋಗ ಶುರುವಾಗುವ ಹೊತ್ತಿಗೆ ಸರಿಯಾಗಿ ಬೇಸಿಗೆ ರಜೆ ಬಂತು. ಕಾಲೇಜಿಗೆ ಬೀಗ ಬಿತ್ತು, ಅಟೆಂಡರ್ ಊರಿಗೆ ಹೋದ. ಹತ್ತು ಮೊಲಗಳನ್ನು ಎಲ್ಲಿಡುವುದು? ಮುಖ್ಯಸ್ಥರ ಮನೆಯಲ್ಲಿ ಮಡಿ. ಮಿಕ್ಕ ಅಧ್ಯಾಪಕರ ಮನೆಗಳಲ್ಲಿ ನಾಯಿ, ಇಲ್ಲವೇ ಹೆಂಡತಿಯ ಭಯ.

"ನಿಮ್ಮ ಮನೆಗೆ ಹಿತ್ತಲಿದೆಯಲ್ಲಮ್ಮ?" ಎಂದರು.

ಹಿತ್ತಲಿತ್ತು ನಿಜ. ಇಲ್ಲ ಎನ್ನುವ ಧೈರ್ಯ ಇರಲಿಲ್ಲ. ಹೀಗೆ ಹತ್ತು ಮೊಲಗಳು ಜಟಕಾ ಏರಿಕೊಂಡು ದಿಬ್ಬಣದ ಹಾಗೆ ನಮ್ಮ ಮನೆಗೆ ಬಂದವು. ಬೀದಿಯ ಮಕ್ಕಳೆಲ್ಲ ಹಿಂದೆ ಓಡಿ ಬಂದರು. ಚನ್ನರಾಯಪಟ್ಟಣದ ಕಡೆ ರಸ್ತೆ ಕೆಲಸ ಮಾಡಿಸುತ್ತಿದ್ದ ಓವರ್‌ಸಿಯರ್ ಆದ ನನ್ನ ಗಂಡ ಆ ಶನಿವಾರ ಮನೆಗೆ ಬಂದವರು, ಹಿಂದಿನ ಜಗಲಿಯಲ್ಲಿ ಸಾಲಾಗಿ ಇಟ್ಟ ತಂತಿಬಲೆಯ ಪೆಟ್ಟಿಗೆಗಳನ್ನು ನೋಡಿ, "ಎಷ್ಟು ದಿನ ಇರ್ತವೆ?" ಎಂದಷ್ಟೇ ಕೇಳಿ ಕೈಕಾಲು ತೊಳೆಯಲು ಹೋದರು. ಅವರು ಮಾತು ಕಡಿಮೆ ಆಡುವವರು. ಅದೊಂದು ಗುಣಕ್ಕೆ ನಾನು ಅವರ ಬೇರೆಲ್ಲ ಗುಣಗಳನ್ನೂ ಸಹಿಸಿಕೊಂಡಿದ್ದೆ.

ಐದು ಪೆಟ್ಟಿಗೆಗಳಿಗೆ ಕೆಂಪು ಬಣ್ಣದ ಗುರುತು, ಐದಕ್ಕೆ ನೀಲಿ. ಎಲ್ಲಕ್ಕೂ ಅದೇ ಬೂಸ, ಅದೇ ನೆನೆಸಿದ ಕಡಲೆ, ಅದೇ ಸೊಪ್ಪು. ಕೆಂಪು ಗುರುತಿನವಕ್ಕೆ ಮಾತ್ರ ಬೆಚ್ಚಗಿನ ಕಡಲೆಕಾಯಿ ಎಣ್ಣೆಯಲ್ಲಿ ಆ ಪುಡಿ ಕರಗಿಸಿ ಬೂಸಕ್ಕೆ ಕಲಸುವುದು. ನೀಲಿಯವಕ್ಕೆ ಬರೀ ಎಣ್ಣೆ. ಎರಡರ ನಡುವಿನ ಆ ಒಂದು ವ್ಯತ್ಯಾಸವೇ ಪ್ರಯೋಗ. ಅದು ಹೋದರೆ ಮುಖ್ಯಸ್ಥರ ಡಾಕ್ಟರೇಟೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು.

ಮೊಲಗಳು ಬಂದ ಮರುವಾರವೇ ಅರಕಲಗೂಡಿನಿಂದ ಮಾವ ಬಂದರು, ಜೊತೆಗೆ ಅತ್ತೆ. ಅಂಗಡಿಯಲ್ಲಿ ಡಬ್ಬ ಎತ್ತುವಾಗ ಮಾವನಿಗೆ ಎದೆ ಹಿಂಡಿದಂತಾಗಿ, ಬೆವರು ಕಿತ್ತು ಕೂತುಬಿಟ್ಟಿದ್ದರಂತೆ. ಹಾಸನದ ಡಾಕ್ಟರು ಎದೆಗೆ ಕೊಳವೆ ಇಟ್ಟು, ಕಣ್ಣರೆಪ್ಪೆ ಎಳೆದು ನೋಡಿ, ಕೇಳಿದ ಮೊದಲ ಪ್ರಶ್ನೆ ಊಟದಲ್ಲಿ ತುಪ್ಪ ಎಷ್ಟು ಎಂದು. ಮಾವ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ತುಪ್ಪ ಪೂರ್ತಿ ಬಿಡಬೇಕು ಯಜಮಾನ್ರೇ. ಇನ್ನೊಂದು ಸಲ ಹೀಗಾದರೆ ನಾನು ಯಾವ ಮಾತೂ ಕೊಡೋದಿಲ್ಲ. ಮೂರು ತಿಂಗಳು ಇಲ್ಲೇ ಮಗನ ಮನೇಲಿ ಇರಿ. ಬೆಳಿಗ್ಗೆ ಸ್ವಲ್ಪ ನಡೆದಾಡಿ."

ಮಾವ ಮನೆಗೆ ಬಂದು ಜಗಲಿಯ ಮೇಲೆ ಕೂತು, ಕೆಂಪು ಗುರುತಿನ ಪೆಟ್ಟಿಗೆಗೆ ನಾನು ಬೂಸ ಹಾಕುವುದನ್ನೇ ನೋಡಿದರು.

"ಅದೇನವ್ವಾ ಎಣ್ಣೆಗೆ ಆಕ್ತಿದ್ದೀಯಲ್ಲ, ಪುಡಿ?"

ಅದನ್ನು ದನದ ಮಿದುಳಿನಿಂದಲೋ ಬೆನ್ನುಹುರಿಯಿಂದಲೋ ತೆಗೆಯುತ್ತಾರೆ ಎಂದು ಲಿಂಗಧಾರಿಗಳ ಮನೆಯಲ್ಲಿ ಹೇಳಲು ನನಗೇನು ಹುಚ್ಚೇ? "ತುಪ್ಪದ ಸಾರ ಅಂತಿಟ್ಕೊಳ್ಳಿ ಮಾವ. ತುಪ್ಪದಲ್ಲಿ ಇರೋದೇ ಇದು" ಎಂದೆ. ಅರ್ಧ ನಿಜ.

"ಅಂದ್ರೆ ಮೊಲುಕ್ಕೆ ತುಪ್ಪ ಆಕ್ತೀಯ, ಮಾವುಂಗೆ ಬ್ಯಾಡ ಅಂತೀಯ. ಚೆನ್ನಾಗೈತೆ ಕಣವ್ವಾ ನಿನ್ ವಿದ್ಯೆ!"

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಯ ಕಿವಿಗೆ ಆ 'ತುಪ್ಪದ ಸಾರ' ಬಿತ್ತು. ಬಿದ್ದದ್ದು ಅಲ್ಲೇ ಉಳಿಯಿತು ಎಂದು ನನಗೆ ಆಮೇಲೆ ತಿಳಿಯಿತು.

ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ಕುಳ್ಳಗೆ, ದುಂಡಗೆ, ಬೆಳಗಿನಿಂದ ಸಂಜೆಯವರೆಗೆ ಕೂರದ ಹೆಂಗಸು. ಆ ಮನೆಯಲ್ಲಿ ತುಪ್ಪವನ್ನು ನಿಜವಾಗಿ ಪ್ರೀತಿಸುತ್ತಿದ್ದವರು ಅವರೇ. ಮಾವನಿಗೆ ತುಪ್ಪವೆಂದರೆ ಕಸುಬು, ಪ್ರತಿಷ್ಠೆ. ಅತ್ತೆಗೆ ರುಚಿ. ಬಿಸಿ ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ, ಅದಕ್ಕೆ ತುಪ್ಪ ಬಿಟ್ಟುಕೊಂಡು, ಅಂಚಿನಿಂದ ಮುರಿದು ಮುರಿದು ತಿನ್ನುವಾಗ ಅವರ ಮುಖ ನೋಡಬೇಕಿತ್ತು. ಆದರೆ ಅದನ್ನು ನೋಡುವವರೇ ಇರಲಿಲ್ಲ. ಗಂಡಸರಿಗೆ ಬಡಿಸಿ, ಎಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬರೇ ಉಣ್ಣುವುದು ಅವರ ಪದ್ಧತಿ. ನಾನು ಕೆಲಸಕ್ಕೆ ಹೋಗುವವಳು ಎಂದು ನನ್ನನ್ನು ಮಾತ್ರ ಗಂಡಸರ ಸಾಲಿನ ತುದಿಯಲ್ಲಿ ಕೂರಿಸಿ ಬಡಿಸುತ್ತಿದ್ದರು. ರಜೆಯಲ್ಲೂ ಅದೇ ನಡೆದಿತ್ತು.

ಡಾಕ್ಟರ ಮಾತಿನ ಮೇಲೆ ಕೆಲವು ದಿನ ಎಲ್ಲವೂ ಸುಸೂತ್ರವಾಗಿತ್ತು. ಮಾವ ಗೊಣಗದೆ ಉಣ್ಣುತ್ತಿದ್ದರು. ನನಗೆ ಅನುಮಾನ ಬಂದದ್ದೇ ಅದರಿಂದ. ಗೊಣಗದೆ ಉಣ್ಣುವ ಜಾಯಮಾನ ಅವರದಲ್ಲ. ಒಂದು ಮಧ್ಯಾಹ್ನ ಓರೆಗಣ್ಣಿನಲ್ಲಿ ನೋಡಿದೆ. ಮೇಲೆ ಬೆಳ್ಳಗೆ ಒಣ ಅನ್ನ. ಮಾವನ ಬೆರಳುಗಳು ಮಾತ್ರ ಥಳಥಳ ಹೊಳೆಯುತ್ತಿದ್ದವು. ಅನ್ನದ ಗುಡ್ಡೆಯ ಹೊಟ್ಟೆಯೊಳಗೆ ತುಪ್ಪದ ಬಾವಿ!

"ಅತ್ತೆ!" ಎಂದು ಕೂಗಿದೆ. ಅಷ್ಟು ಜೋರಾಗಿ ನಾನು ಆ ಮನೆಯಲ್ಲಿ ಅದುವರೆಗೆ ಕೂಗಿರಲಿಲ್ಲ.

ಅತ್ತೆ ಸೌಟು ಹಿಡಿದು ಬಂದು ನಿಂತರು. ಚೂರೂ ಅಳುಕಿಲ್ಲ. "ಏನ್ಮಾಡಾನವ್ವಾ? ನಿಂಗೆ ಬಡಿಸ್ತೀನಿ, ನಿನ್ ಗಂಡುಂಗೆ ಬಡಿಸ್ತೀನಿ. ನಡುವೆ ಕುಂತಿರೋ ಇವರ ತಟ್ಟೆ ದಾಟ್ಕಂಡು ಓಗಾದು ಎಂಗೆ? ಪಂಕ್ತೀಲಿ ಬೇದ ಮಾಡಾಕೆ ನನ್ ಕೈ ಬರಾಕಿಲ್ಲ."

ಪಂಕ್ತಿಭೇದ ಎಂದರೆ ಒಂದೇ ಸಾಲಿನಲ್ಲಿ ಕೂತವರಿಗೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸುವುದು. ನಮ್ಮ ಕಡೆ ಅದಕ್ಕಿಂತ ದೊಡ್ಡ ಪಾಪ ಅಡುಗೆಮನೆಯಲ್ಲಿಲ್ಲ. ಅತ್ತೆ ಯಾರ ಮೇಲಾದರೂ ಸಿಟ್ಟಾದರೆ ಬೈಯುತ್ತಿದ್ದರು, ಮಾತು ಬಿಡುತ್ತಿದ್ದರು. ಬಡಿಸುವ ಕೈ ಮಾತ್ರ ಎಲ್ಲರಿಗೂ ಒಂದೇ. ಆ ಕೈಗೆ ಹೊಂದುವಂತೆ ಯಾವ ಡಾಕ್ಟರೂ ಚೀಟಿ ಬರೆಯಲಾರ.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಈ ಮನುಷ್ಯ ತುಪ್ಪ ತಿಂದೇ ಸಾಯುತ್ತಾನೆ, ಸಾಯಿಸುವವಳು ಪ್ರೀತಿಯಿಂದ ಬಡಿಸುತ್ತಾಳೆ, ನಾನು ಪಕ್ಕದಲ್ಲೇ ಕೂತು ಉಣ್ಣುತ್ತಿರುತ್ತೇನೆ. ಮಾತಿನಲ್ಲಿ ಆಗದ್ದು ಕಣ್ಣಿಗೆ ಕಂಡರೆ ಆದೀತು ಎಂದುಕೊಂಡು, ಬೀಗದ ಕೈ ಇದ್ದ ಮುಖ್ಯಸ್ಥರಿಂದ ಪ್ರಯೋಗಾಲಯ ತೆರೆಸಿ ಮಾವನನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಅಲ್ಲಿ ಮುಖ್ಯಸ್ಥರೂ ನಾನೂ ಹಿಂದಿನ ದಿನ ಮೊಲಗಳ ಕಿವಿಯಂಚಿನಿಂದ ತೆಗೆದ ರಕ್ತವಿತ್ತು. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಗರಗರ ತಿರುಗಿಸಿ ಕೆಂಪನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಕೊಳವೆಗಳಿಗೆ ತೆಗೆದಿಟ್ಟಿದ್ದೆವು. ನೀಲಿ ಗುರುತಿನ ಮೊಲದ್ದು ತಿಳಿಯಾದ ಹೊನ್ನಿನ ಬಣ್ಣ. ಕೆಂಪು ಗುರುತಿನದ್ದು ಬೆಳ್ಳಗೆ ಕದಡಿಕೊಂಡಿತ್ತು. ಮಾವ ಎರಡನ್ನೂ ಬೆಳಕಿಗೆ ಹಿಡಿದರು. ತುಪ್ಪ, ಬೆಣ್ಣೆಯ ವಿಷಯದಲ್ಲಿ ಅವರ ಕಣ್ಣು ಪಳಗಿದ್ದು.

"ಇದು ಮಜ್ಜಿಗೆ ಕಣವ್ವ."

"ಅಲ್ಲ ಮಾವ, ರಕ್ತದ ತಿಳಿ. ತುಪ್ಪ ನೀರಲ್ಲಿ ಕರಗಲ್ಲ ಅಲ್ವಾ? ರಕ್ತ ಅಂದರೆ ಮುಕ್ಕಾಲು ನೀರು. ಅದಕ್ಕೇ ಮೈ ಒಂದು ಉಪಾಯ ಮಾಡುತ್ತೆ. ಕೊಬ್ಬನ್ನ ಪ್ರೋಟೀನಿನ ಗಾಡೀಲಿ ಹೇರಿ ಕಳಿಸುತ್ತೆ. ಕೆಲವು ಗಾಡಿ ಈಲಿಯಿಂದ, ಅಂದರೆ ಲಿವರ್‌ನಿಂದ, ಸರಕು ಹೊತ್ತು ಊರೆಲ್ಲ ಹಂಚುತ್ತವೆ. ಕೆಲವು ಮಿಕ್ಕಿದ್ದನ್ನ ವಾಪಸ್ ತರುತ್ತವೆ. ಸೊಪ್ಪು ತಿನ್ನೋ ಮೊಲಕ್ಕೆ ಹುಟ್ಟಿದಾಗಿಂದ ಈ ಸರಕಿನ ಅಭ್ಯಾಸವೇ ಇಲ್ಲ. ನಾವು ತಿನ್ನಿಸಿದ್ವಿ. ಹಂಚೋ ಗಾಡಿ ಹೆಚ್ಚಾದವು, ವಾಪಸ್ ತರೋವು ಕಮ್ಮಿ ಆದವು. ಸರಕು ರಕ್ತನಾಳದ ಗೋಡೆಗೆ ಮೆತ್ತಿಕೊಳ್ಳುತ್ತೆ. ರಸ್ತೆ ಕಟ್ಟಿಕೊಳ್ಳುತ್ತೆ."

ಎರಡು ಕಾಗದದ ಪಟ್ಟಿಗಳನ್ನೂ ತೋರಿಸಿದೆ. ರಕ್ತದ ತಿಳಿಯನ್ನು ಕಾಗದದ ಮೇಲೆ ತೊಟ್ಟಿಕ್ಕಿ, ಕರೆಂಟು ಹಾಯಿಸಿ, ಕಪ್ಪು ಬಣ್ಣ ಕುಡಿಸಿದರೆ ಎರಡು ಬಗೆಯ ಗಾಡಿಗಳೂ ಎರಡು ಬೇರೆ ಗೆರೆಗಳಾಗಿ ಕಾಣುತ್ತವೆ: ಮುಂದಿನದು ವಾಪಸ್ ತರುವ ಗಾಡಿ, ಹಿಂದಿನದು ಹಂಚುವ ಗಾಡಿ. ನೀಲಿ ಮೊಲದ ಪಟ್ಟಿಯಲ್ಲಿ ಮುಂದಿನ ಗೆರೆ ಗಟ್ಟಿ, ಹಿಂದಿನದು ತೆಳು. ಕೆಂಪು ಮೊಲದ್ದರಲ್ಲಿ ಹಿಂದಿನ ಗೆರೆ ಕಾಡಿಗೆ ಬಳಿದಂತೆ ದಪ್ಪ, ಮುಂದಿನದು ಇದ್ದೂ ಇಲ್ಲ.

ಮಾವ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡರು. ಗೆದ್ದೆ ಎಂದುಕೊಂಡೆ.

"ಅಲ್ಲ ಕಣವ್ವಾ, ಗಾಡಿ ಜಾಸ್ತಿ ಆದ್ರೆ ರಸ್ತೆ ಅಗಲ ಮಾಡುಸ್ಬೇಕು. ಸರಕು ನಿಲ್ಸಾದು ಯಾವೂರ್ ನ್ಯಾಯ? ನಿನ್ ಗಂಡ ಚನ್ರಾಯಪಟ್ಣದಲ್ಲಿ ಮಾಡುಸ್ತಿರಾದು ಅದೇ ಕೆಲ್ಸ ಅಲ್ವಾ?"

ಮುಖ್ಯಸ್ಥರು ಗೋಡೆಯ ಕಡೆ ತಿರುಗಿ ನಕ್ಕರು. ನಾನು ಮಾವನನ್ನು ಮನೆಗೆ ಕರೆತಂದೆ.

ಅಷ್ಟರಲ್ಲಿ ಹಳೇಕೋಟೆಯಲ್ಲಿ ನನ್ನ ತಂಗಿಯ ಮದುವೆ ಬಂತು. ತವರಿನ ಮೊದಲ ಮಗಳಾದ ನಾನು ಮುಂಚೆಯೇ ಹೋಗಬೇಕು, ಮುಗಿದ ಮೇಲೂ ಕೆಲವು ದಿನ ಇರಬೇಕು. ಮಾವನ ಆರೋಗ್ಯದಿಂದಾಗಿ ಅತ್ತೆ ಹೊರಡುವಂತಿರಲಿಲ್ಲ. ಮೊಲಗಳನ್ನು ಅವರಿಗೇ ಒಪ್ಪಿಸಿದೆ. ಪುಡಿ ಕರಗಿಸಿದ ಎಣ್ಣೆಯ ಡಬ್ಬಕ್ಕೆ ಕೆಂಪು ದಾರ, ಬರೀ ಎಣ್ಣೆಯ ಡಬ್ಬಕ್ಕೆ ನೀಲಿ ದಾರ ಕಟ್ಟಿದೆ. ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಅತ್ತೆ ತಲೆಯಾಡಿಸಿದರು. ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ನಮ್ಮ ಅತ್ತೆಯಲ್ಲಿ ಯಾವ ಸಂಬಂಧವೂ ಇಲ್ಲ ಎಂದು ಅನ್ನದ ಬಾವಿ ಕಂಡ ಮೇಲಾದರೂ ನನಗೆ ಹೊಳೆಯಬೇಕಿತ್ತು. ಮದುವೆಯ ಸಡಗರದಲ್ಲಿ ಹೊಳೆಯಲಿಲ್ಲ.

ತಿಂಗಳ ಹತ್ತಿರಕ್ಕೆ ವಾಪಸ್ ಬಂದೆ. ಮೊಲಗಳು ಮಿರಮಿರ ಮಿಂಚುತ್ತಿದ್ದವು. ಎಲ್ಲವೂ ಅತ್ತೆಯ ಹೆಜ್ಜೆ ಸಪ್ಪಳಕ್ಕೆ ಕಿವಿ ನಿಮಿರಿಸುತ್ತಿದ್ದವು. ಮುಖ್ಯಸ್ಥರು ಉತ್ಸಾಹದಿಂದ ರಕ್ತ ತೆಗೆದರು, ಪ್ರಯೋಗಾಲಯಕ್ಕೆ ಒಯ್ದು ಯಂತ್ರ ತಿರುಗಿಸಿದರು. ಕೊಳವೆಗಳನ್ನು ಒಂದೊಂದಾಗಿ ಹೊರತೆಗೆದು ಮರದ ಚೌಕಟ್ಟಿನಲ್ಲಿ ನಿಲ್ಲಿಸಿದರು. ಹತ್ತಕ್ಕೆ ಹತ್ತೂ ಮಜ್ಜಿಗೆ.

ಅವರು ಮತ್ತೆ ಯಂತ್ರ ತಿರುಗಿಸಿದರು. ಮತ್ತೆ ನೋಡಿದರು. ಕನ್ನಡಕ ಒರೆಸಿಕೊಂಡು ನೋಡಿದರು.

"ಚೀಟಿ ಅದಲುಬದಲು ಮಾಡಿದ್ದೀರಿ" ಎಂದರು.

"ಹತ್ತೂ ಒಂದೇ ಥರ ಇರುವಾಗ ಅದಲುಬದಲು ಮಾಡಿದ್ರೆ ಏನು ವ್ಯತ್ಯಾಸ ಸಾರ್?"

"ಹಾಗಾದರೆ ಗಾಣದವನು ಕಲಬೆರಕೆ ಮಾಡಿದ್ದಾನೆ."

"ಕಡಲೆಕಾಯಿ ಎಣ್ಣೆಗೆ ತುಪ್ಪ ಕಲಬೆರಕೆ ಮಾಡೋ ಗಾಣದವನು ಎಲ್ಲಿದ್ದಾನೆ ಹೇಳಿ ಸಾರ್, ನಾವೂ ಅಲ್ಲೇ ತಗೊಳ್ಳೋಣ."

ಹಾಗೆ ಹೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. ಅವರು ಛತ್ರಿ ಕಂಕುಳಿಗೆ ಸಿಕ್ಕಿಸಿಕೊಂಡು ನೇರ ನಮ್ಮ ಮನೆಗೆ ಹೊರಟರು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದೆ.

ಅತ್ತೆ ಹಿಂದಿನ ಜಗಲಿಯಲ್ಲೇ ಇದ್ದರು. ನಾವು ಹೋದದ್ದು ಸರಿಯಾಗಿ ಮೊಲಗಳ ಊಟದ ಹೊತ್ತಿಗೆ. ದೊಡ್ಡ ಬೋಗುಣಿಯೊಂದರಲ್ಲಿ ಬೂಸ ಸುರಿದಿದ್ದರು. ನಮ್ಮ ಕಣ್ಣೆದುರೇ ಕೆಂಪು ದಾರದ ಡಬ್ಬದಿಂದಲೂ ನೀಲಿ ದಾರದ ಡಬ್ಬದಿಂದಲೂ ಎಣ್ಣೆ ಬಿಟ್ಟು, ಎರಡೂ ಕೈಯಲ್ಲಿ ಚೆನ್ನಾಗಿ ಕಲಸಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಪೆಟ್ಟಿಗೆಗೆ ಒಂದೊಂದು ಸೌಟು ಬಡಿಸಿಕೊಂಡು ಹೋದರು. ಮುಖ್ಯಸ್ಥರ ಬಾಯಿ ತೆರೆದದ್ದು ತೆರೆದೇ ಇತ್ತು.

"ಅತ್ತೆ, ಕೆಂಪಿಗೆ ಕೆಂಪು, ನೀಲಿಗೆ ನೀಲಿ ಅಂದಿದ್ನಲ್ಲ?"

"ಅಂದಿದ್ದೆ ಕಣವ್ವ. ಒಂದಿನ ಅಂಗೇ ಆಕ್ದೆ. ಒಂದೇ ಸಾಲ್ನಲ್ಲಿ ಕುಂತವೆ. ಐದಕ್ಕೆ ತುಪ್ಪದ್ ಸಾರ, ಐದಕ್ಕೆ ಬರೀ ಬೂಸ. ಆ ಕಡೇವು ಈ ಕಡೇವುಗಳ ಮಕ ನೋಡ್ಕಂಡು ಮೂಗು ಆಡುಸ್ತಿದ್ವು. ನೋಡಾಕಾಗ್ನಿಲ್ಲ. ಮೂಕ್ ಪ್ರಾಣಿಗೂ ಪಂಕ್ತಿಬೇದ ಮಾಡಿ ನಾನ್ ಯಾವ್ ನರಕಕ್ಕೆ ಓಗ್ಲಿ?"

ಮುಖ್ಯಸ್ಥರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. ಎರಡು ವರ್ಷ ಓಡಾಡಿ ತರಿಸಿದ ಪುಡಿ, ಒಂದು ಬೇಸಿಗೆ, ಒಂದು ಪ್ರಬಂಧ. ಅವರಿಗೆ ಅಳು ಬರುವುದರಲ್ಲಿತ್ತು. ನನಗೆ ಕರುಣೆ ಬಂತು, ಅದರ ಬೆನ್ನಿಗೇ ತಡೆಯಲಾರದ ನಗುವೂ ಬಂತು. ಕೆಮ್ಮಿ ಸರಿಮಾಡಿಕೊಂಡೆ.

ಅತ್ತೆಗೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಸೌಟು ಕೆಳಗಿಟ್ಟು, "ಇವುಕ್ಕೇನಾರ ಆಯ್ತದಾ ಸಾ?" ಎಂದು ಕೇಳಿದರು.

ಮುಖ್ಯಸ್ಥರು ಸಿಟ್ಟಿನಲ್ಲಿದ್ದರು. ಮುಚ್ಚುಮರೆ ಮಾಡಲಿಲ್ಲ. "ಏನಾಗುತ್ತೆ? ರಕ್ತನಾಳ ಕಟ್ಟಿಕೊಳ್ಳುತ್ತೆ. ಒಂದು ದಿನ ಎದೆ ನಿಲ್ಲುತ್ತೆ. ನಿಮ್ಮ ಯಜಮಾನರಿಗೆ ಬಂದಿದೆಯಲ್ಲಮ್ಮ, ಅದೇ. ಐದಕ್ಕೆ ಬರಬೇಕಿತ್ತು, ಈಗ ಹತ್ತಕ್ಕೂ ಬರುತ್ತೆ."

ಅತ್ತೆ ಪೆಟ್ಟಿಗೆಗಳ ಸಾಲನ್ನು ನೋಡಿದರು. ಮೊಲಗಳು ತಲೆ ಬಗ್ಗಿಸಿ ಮುರುಮುರು ಮೆಲ್ಲುತ್ತಿದ್ದವು. ಆಮೇಲೆ ನಡುಮನೆಯ ಕಡೆ ನೋಡಿದರು. ಅಲ್ಲಿ ಮಾವ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಡಾಕ್ಟರು, ನಾನು, ಕೊಳವೆ, ಕಾಗದದ ಪಟ್ಟಿ ಇಷ್ಟೂ ಸೇರಿ ಹೇಳಲಾಗದ್ದು ಆ ಗಳಿಗೆಯಲ್ಲಿ ಅವರಿಗೆ ಅರ್ಥವಾಯಿತು. ಒಂದೊಂದು ಪೆಟ್ಟಿಗೆಯ ಬಾಗಿಲು ತೆರೆದು ಮೊಲಗಳ ಮುಂದಿನ ಬೂಸವನ್ನು ಬೋಗುಣಿಗೆ ವಾಪಸ್ ತೆಗೆದರು. ಬಡಿಸಿದ್ದನ್ನು ಅತ್ತೆ ಹಿಂದಕ್ಕೆ ತೆಗೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೆಯ ದಿನ ಊಟಕ್ಕೆ ಕೂತಾಗ ತುಪ್ಪದ ಜಾಡಿ ಕಾಣಲಿಲ್ಲ. ಮಾವ ಅನ್ನದ ಗುಡ್ಡೆಗೆ ಬೆರಳು ಹಾಕಿ ಬಾವಿ ಹುಡುಕಿದರು. ಸಿಗಲಿಲ್ಲ. ನನ್ನ ತಟ್ಟೆ ನೋಡಿದರು, ಒಣ. ಮಗನ ತಟ್ಟೆ ನೋಡಿದರು, ಒಣ.

"ತುಪ್ಪ?"

"ಅಟ್ಟುಕ್ಕೆ ಆಕಿವ್ನಿ" ಎಂದರು ಅತ್ತೆ. "ಒಬ್ರಿಗಿಲ್ಲ ಅಂದ್ ಮ್ಯಾಲೆ ಯಾರಿಗೂ ಇಲ್ಲ."

ನನ್ನ ಗಂಡ ನನ್ನ ಮುಖ ನೋಡಿದರು. ಎಂದಿನ ಹಾಗೆ ಸಾರು ಕಲಸಿಕೊಂಡರು. ಆದರೆ ಮಾವ ಕೆರಳಿದರು. ತುಪ್ಪದ ವ್ಯಾಪಾರಿಯ ಮನೆಯಲ್ಲಿ ತುಪ್ಪವಿಲ್ಲದ ಊಟ! ನೆಂಟರು ಬಂದರೆ? ಜಂಗಮರು ಬಂದರೆ? ಯಾರೇ ಬಂದರೂ ಅದೇ ಎಂದರು ಅತ್ತೆ. ಬಂದರು ಕೂಡ. ಅರಕಲಗೂಡಿನಿಂದ ಮಾವನ ತಮ್ಮ ಹೊಸ ತುಪ್ಪದ ಡಬ್ಬ ಹೊತ್ತು ತಂದು, ಅದನ್ನು ಅಟ್ಟಕ್ಕೆ ತಾವೇ ಏರಿಸಿ, ಒಣ ಅನ್ನ ಉಂಡು ಹೋದರು. ಮೊಲಗಳಿಗೂ ಅದೇ ಕಾನೂನು. ಹತ್ತಕ್ಕೂ ಬರೀ ಬೂಸ, ಬರೀ ಸೊಪ್ಪು.

ಇದನ್ನು ಕೇಳಿ ಮುಖ್ಯಸ್ಥರು ಮೊದಲು ಹಣೆ ಚಚ್ಚಿಕೊಂಡರು. ಎರಡು ದಿನ ಬಿಟ್ಟು ಅವರೇ ಬಂದರು, ಕಣ್ಣಲ್ಲಿ ಬೆಳಕು. "ಕೇಳಿ ಇಲ್ಲಿ. ಹತ್ತಕ್ಕೂ ಏರಿದೆ. ಈಗ ಹತ್ತಕ್ಕೂ ನಿಲ್ಲಿಸಿದ್ದೀರಿ. ಹೇಗೆ ಇಳಿಯುತ್ತೆ ನೋಡೋಣ. ಪ್ರತಿ ಮೊಲಕ್ಕೂ ಅದೇ ಮೊಲದ ಹಿಂದಿನ ರಕ್ತವೇ ಹೋಲಿಕೆ. ನಿಮ್ಮ ಅತ್ತೆಯವರಿಗೆ ಹೇಳಿ, ಈಗ ಮಾಡ್ತಿರೋದನ್ನೇ ಮಾಡಲಿ. ದಯವಿಟ್ಟು ಬೇರೆ ಏನೂ ಮಾಡೋದು ಬೇಡ." ಪ್ರಬಂಧದ ಹೆಸರು ಬದಲಾಯಿತು. ಮಳೆ ಹಿಡಿಯುವ ಹೊತ್ತಿಗೆ ಕೊಳವೆಗಳು ನಿಧಾನವಾಗಿ ತಿಳಿಯಾಗತೊಡಗಿದವು. ಕಾಗದದ ಪಟ್ಟಿಗಳ ಮೇಲೆ ಹಿಂದಿನ ಕಪ್ಪು ಗೆರೆ ತೆಳ್ಳಗಾಯಿತು, ಮುಂದಿನದು ಮತ್ತೆ ಮೂಡಿತು.

ಮೊಲಗಳು ಸುಧಾರಿಸಿದವು. ಮಾವ ಮಾತ್ರ ಸುಧಾರಿಸಲಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ ಬಂದು ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಒಣ ಊಟ ಉಣ್ಣುವ ಮನುಷ್ಯನಿಗೆ ಹೀಗೇಕೆ ಎಂದು ಡಾಕ್ಟರಿಗೂ ಬಗೆಹರಿಯಲಿಲ್ಲ. ಒಂದು ದಿನ ನೀರಿನ ಲೋಟ ಕೊಡಲು ಬಗ್ಗಿದಾಗ ನನಗೆ ಬಗೆಹರಿಯಿತು. ಮಾವನ ಎಡಗೈಯ ಹಿಂಭಾಗ ಘಮ್ಮೆನ್ನುತ್ತಿತ್ತು.

ವಾಕಿಂಗ್ ಎಂದು ಅವರು ಹೋಗುತ್ತಿದ್ದದ್ದು ಪೇಟೆಯ ತುಪ್ಪದ ಮಂಡಿಗೆ. ಅಲ್ಲಿನ ಸಾಹುಕಾರ ಹಳೆಯ ಪರಿಚಯ. ಆಗ ತುಪ್ಪಕ್ಕೆ, ಎಣ್ಣೆಯಿಂದ ಮಾಡಿದ ಅಗ್ಗದ ವನಸ್ಪತಿ ಬೆರೆಸುವವರು ಹೆಚ್ಚಾಗಿದ್ದರು. ಅದನ್ನು ಕಂಡುಹಿಡಿಯುವ ನಾಲಗೆ ಮಾವನದು. ಕೈಯ ಹಿಂಭಾಗಕ್ಕೆ ತುಪ್ಪ ತೊಟ್ಟಿಕ್ಕಿ, ಉಜ್ಜಿ, ಮೂಸಿ, ಆಮೇಲೆ ನೆಕ್ಕಿ ನೋಡುವುದು ಆ ಕಸುಬಿನ ಕ್ರಮ. ಮಂಡಿಗೆ ಬಂದ ಡಬ್ಬ ಡಬ್ಬಕ್ಕೂ ನಮ್ಮ ಮಾವ ಸಾಕ್ಷಿ.

"ನಾಲ್ಗೆ ಮ್ಯಾಲಿಟ್ಟು ಉಗುದ್ಬುಡ್ತೀನಿ ಕಣವ್ವ" ಎಂದರು.

"ತುಪ್ಪ ಉಗಿಯೋರನ್ನ ನಾನು ಎಲ್ಲೂ ಕಂಡಿಲ್ಲ ಮಾವ. ಅತ್ತೆಗೆ ಹೇಳ್ತೀನಿ."

"ಓಗು, ಅವ್ಳಿಗೇ ಏಳೋಗು! ನಿಮ್ಮತ್ತೆ ಭಾರಿ ಸಾಚಾ ಅನ್ಕಂಡಿದ್ದೀಯಾ? ಪಂಕ್ತೀಲಿ ಕುಂತೋರಿಗೆ ತಾನೆ ಅವಳ್ ಕಾನೂನು? ಅವ್ಳು ಒಳಗೆ ಒಬ್ಳೇ ಉಣ್ತಾಳೆ. ಮುದ್ದೆಗೆ ಗುಳಿ ಮಾಡ್ಕಂಡು ತುಪ್ಪ ಸುರ್ಕಂಡು ಒಡಿತಾ ಇರ್ತಾಳೆ. ನಂಗೊತ್ತಿಲ್ವಾ ಅವ್ಳ ನಾಲ್ಗೆ? ಓಗಿ ನೋಡ್ಕಂಡ್ ಬಾ. ಅವಳು ಬಿಟ್ಟಿದ್ರೆ ನಾನೂ ಬಿಡ್ತೀನಿ."

ನಿಜ ಹೇಳಬೇಕೆಂದರೆ ನನಗೂ ಅದೇ ಅನುಮಾನವಿತ್ತು. ಅತ್ತೆಯ ನಾಲಗೆ ನನಗೂ ಗೊತ್ತು. ಅವರನ್ನು ಯಾವ ಡಾಕ್ಟರೂ ತಡೆದಿರಲಿಲ್ಲ, ಯಾವ ಪಂಕ್ತಿಯೂ ಕಟ್ಟಿರಲಿಲ್ಲ. ಆ ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ನಾನು ಬೆಕ್ಕಿನ ಹೆಜ್ಜೆ ಹಾಕುತ್ತ ಅಡುಗೆಮನೆಯ ಬಾಗಿಲ ಸಂದಿಗೆ ಕಣ್ಣಿಟ್ಟೆ. ಬೆನ್ನ ಹಿಂದೆ ಉಸಿರು ಕೇಳಿಸಿತು. ಗೂಢಚಾರಿಣಿಯ ಮೇಲೆ ನಂಬಿಕೆ ಸಾಲದೆ ಮಾವನೇ ಬಂದು ನಿಂತಿದ್ದರು.

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಮುದ್ದೆ, ಉಪ್ಸಾರು, ಒಂದು ಚೂರು ಈರುಳ್ಳಿ. ಅಭ್ಯಾಸಬಲದಿಂದ ಮುದ್ದೆಯ ನೆತ್ತಿಯಲ್ಲಿ ಬೆರಳಿನಿಂದ ಗುಳಿ ಮಾಡಿದರು. ಆ ಖಾಲಿ ಗುಳಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅದಕ್ಕೆ ಸಾರನ್ನೇ ಬಿಟ್ಟುಕೊಂಡು ಅಂಚಿನಿಂದ ಮುರಿದು ತಿನ್ನತೊಡಗಿದರು. ಜಾಡಿ ಎಲ್ಲೂ ಇರಲಿಲ್ಲ.

ಮಾವ ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತಳ್ಳಿದರು. "ನಿಂಗ್ಯಾರೇ ಬ್ಯಾಡ ಅಂದೋರು?" ದನಿ ಬೈಯುವಂತೆ ಇತ್ತು, ಆದರೆ ಮಧ್ಯದಲ್ಲಿ ಒಡೆಯಿತು.

ಅತ್ತೆ ತಲೆ ಎತ್ತಿದರು. "ಯಾರೂ ಅನ್ನಿಲ್ಲ."

"ಮತ್ತೆ? ನೀನೇನ್ ನಮ್ ಪಂಕ್ತೀಲಿ ಕುಂತ್ಕತೀಯಾ?"

"ಕುಂತ್ಕಳಾಕೆ ಯಾರ್ ಕರ್ದವ್ರೆ?" ಎಂದು ಅತ್ತೆ ಇನ್ನೊಂದು ತುತ್ತು ಮುರಿದರು. ಆಮೇಲೆ, ಮುದ್ದೆಯನ್ನೇ ನೋಡುತ್ತ, "ದಿನಾ ನಿಮ್ ಅಂಗಿ ಒಗಿಯೋಳು ನಾನು. ತೋಳ್ ತುಂಬಾ ತುಪ್ಪದ್ ಮಂಡಿ ವಾಸ್ನೆ" ಎಂದರು.

ಮಾವ ತಮ್ಮ ಎಡಗೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು. ನನ್ನ ಕಣ್ಣು ತುಂಬಿಕೊಂಡಿತು. ಮೊಲಗಳಿಗೆ ಸೊಪ್ಪು ಹಾಕುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋದೆ.

ಮಾರನೆಯ ದಿನ ಊಟದ ಹೊತ್ತಿಗೆ ಮಾವ ನಡುಮನೆಯಲ್ಲಿ ತಾವೇ ಚಾಪೆ ಹಾಸಿದರು. ಮಗ ಚನ್ನರಾಯಪಟ್ಟಣಕ್ಕೆ ಹೋಗಿದ್ದರಿಂದ ಎರಡು ತಟ್ಟೆ ಸಾಕಿತ್ತು. ಅವರು ಮೂರು ಇಟ್ಟರು. ಒಂದು ತಮ್ಮ ಪಕ್ಕಕ್ಕೇ ಒತ್ತಿಕೊಂಡು. ಅತ್ತೆ ಮುದ್ದೆಯ ಪಾತ್ರೆ ಹಿಡಿದು ಬಂದವರು ನಿಂತುಬಿಟ್ಟರು.

"ಇದ್ಯಾರಿಗೆ?"

"ಕರೀತಿದ್ದೀನಲ್ಲ, ಕುಂತ್ಕೋ. ಸೊಸೆ ಬಡಿಸ್ತಾಳೆ."

"ಥೂ, ಈ ವಯಸ್ಸಲ್ಲಿ!" ಎಂದರು ಅತ್ತೆ. ಆದರೂ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಯಾರೋ ನೋಡುತ್ತಿರುವಂತೆ ಬಾಗಿಲ ಕಡೆ ಒಮ್ಮೆ ನೋಡಿ ಕೂತರು. ಕೂತ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದೆ ತಟ್ಟೆಯನ್ನು ಅತ್ತಿತ್ತ ಸರಿಸಿದರು.

ಮಾವ ತಮ್ಮ ಎಡಗೈಯನ್ನು ತಿರುಗಿಸಿ, ಹಿಂಭಾಗವನ್ನು ಅತ್ತೆಯ ಮೂಗಿನ ಹತ್ತಿರ ಹಿಡಿದರು. "ಮೂಸು."

ಅತ್ತೆ ಮೂಸಿದರು. ನಂಬದೆ ಇನ್ನೊಮ್ಮೆ ಮೂಸಿದರು.

"ಬರೀ ಸೋಪು" ಎಂದರು.

ನಾನು ಮುದ್ದೆ ಇಟ್ಟು, ಸಾರಿನ ಪಾತ್ರೆ ಎತ್ತಿಕೊಂಡು, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ತಟ್ಟೆಗೆ ಒಂದೊಂದು ಸೌಟು ಬಡಿಸಿಕೊಂಡು ಹೋದೆ.